"ಒಂದು ಔನ್ಸ್ ಮುನ್ನೆಚ್ಚರಿಕೆ" – ಫ್ರಾಂಕ್ಲಿನ್ ಹೇಳಿದ್ದು ಯಾವುದರ ಬಗ್ಗೆ?

ಪ್ರಶ್ನೆ:
"ಒಂದು ಔನ್ಸ್ ಮುನ್ನೆಚ್ಚರಿಕೆ ಒಂದು ಪೌಂಡ್ ಚಿಕಿತ್ಸೆಗೆ ಸಮ" (ಔನ್ಸ್ ಅಂದರೆ ಪೌಂಡಿನ ಹದಿನಾರನೇ ಒಂದು ಭಾಗ) ಅನ್ನೋ, 18ನೇ ಶತಮಾನದ ಅಮೆರಿಕದ ಮುದ್ರಕ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಅವರ ಮಾತು ಆರೋಗ್ಯದ ಲೇಖನಗಳಲ್ಲಿ ಮತ್ತೆ ಮತ್ತೆ ಬರುತ್ತೆ. ಇದು ಅವರ 'ಪೂರ್ ರಿಚರ್ಡ್' ಪಂಚಾಂಗದ್ದೇನಾ? ಗೊತ್ತಿದ್ದವರು ಸಂದರ್ಭ ಸಮೇತ ತಿಳಿಸಿ.

ಉತ್ತರ 1:
ಪಂಚಾಂಗದ್ದಲ್ಲ, ಕಾಯಿಲೆಗೂ ಸಂಬಂಧವಿಲ್ಲ. ಬೆಂಕಿಯ ಬಗ್ಗೆ ಹೇಳಿದ್ದು. 1735ರ ಫೆಬ್ರವರಿಯಲ್ಲಿ, 29ರ ಹರೆಯದ ಫ್ರಾಂಕ್ಲಿನ್ ಯಾರೋ ವಯಸ್ಸಾದವರು ಬರೆದಂತೆ ತಮ್ಮದೇ 'ಪೆನ್ಸಿಲ್ವೇನಿಯಾ ಗೆಜೆಟ್' ಪತ್ರಿಕೆಯಲ್ಲಿ ಹಾಕಿದ ಪತ್ರ ಅದು. ಆ ಸಾಲಿನ ಬೆನ್ನಿಗೇ ಸಲಹೆ ಬರುತ್ತದೆ: ಕೆಂಡವನ್ನು ಸಲಿಕೆ ತುಂಬ ತುಂಬಿಕೊಂಡು ಕೋಣೆಯಿಂದ ಕೋಣೆಗೆ ಒಯ್ಯಬೇಡಿ, ಮೆಟ್ಟಿಲು ಹತ್ತಿಳಿಯಬೇಡಿ, ಒಯ್ಯಲೇಬೇಕಾದರೆ ಮುಚ್ಚಳ ಹಾಕಿದ ಬಾಣಲೆಯಲ್ಲಿ ಒಯ್ಯಿರಿ. ಸಂದಿಗೆ ಬಿದ್ದ ಕಿಡಿ ನಡುರಾತ್ರಿಯವರೆಗೂ ಕಾಣುವುದಿಲ್ಲ. ಕಂಡಾಗ ಮೆಟ್ಟಿಲೇ ಉರಿಯುತ್ತಿರುತ್ತದೆ, ಕಿಟಕಿಯಿಂದ ಹಾರುವುದೊಂದೇ ದಾರಿ. 'ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ' ಅಂತ ನಾವು ಹೇಳುವುದನ್ನೇ ಅವರು ಕೆಂಡ, ಸಲಿಕೆ ಸಮೇತ ಹೇಳಿದ್ದಾರೆ.

ಚಿಮಣಿ ಗುಡಿಸುವವರಿಗೆ ಮೇಯರ್ ಪರವಾನಗಿ ಇರಬೇಕು, ಗುಡಿಸಿದ 15 ದಿನದೊಳಗೆ ಚಿಮಣಿ ಹೊತ್ತಿಕೊಂಡರೆ ದಂಡ ಅವರೇ ಕಟ್ಟಬೇಕು ಎಂಬ ಸಲಹೆಯೂ ಅದರಲ್ಲಿದೆ. ಪತ್ರದ ಜಾಣತನವೆಲ್ಲ ಇಲ್ಲಿದೆ ಅಂತ ನನಗನ್ನಿಸುತ್ತೆ.

ಉತ್ತರ 2:
ಫ್ರಾಂಕ್ಲಿನ್ ಬರೀ ಬರೆದು ಸುಮ್ಮನಾಗಲಿಲ್ಲ. 1736ರ ಡಿಸೆಂಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಅವರ ಮುಂದಾಳತ್ವದಲ್ಲಿ ಯೂನಿಯನ್ ಫೈರ್ ಕಂಪನಿ ಎಂಬ, ಬೆಂಕಿ ಆರಿಸುವ ಸ್ವಯಂಸೇವಕರ ಸಂಘ ಶುರುವಾಯಿತು. ಸದಸ್ಯರು ಚರ್ಮದ ಬಕೆಟ್‌ಗಳ ಜೊತೆ ಗಟ್ಟಿ ಚೀಲಗಳನ್ನೂ ಸಿದ್ಧವಾಗಿಟ್ಟಿರಬೇಕಿತ್ತು. ಬಕೆಟ್ ನೀರಿಗೆ, ಚೀಲ ಉರಿಯುವ ಮನೆಯ ಸಾಮಾನು ಹೊರಗೆ ಸಾಗಿಸುವುದಕ್ಕೆ. ತಿಂಗಳ ಸಭೆ ತಪ್ಪಿಸಿದವರ ದಂಡದ ಹಣದಿಂದ ಏಣಿ, ಕೊಕ್ಕೆ ಕೊಂಡರು.

ಪ್ರಶ್ನೆ ಕೇಳಿದವರು:
ಧನ್ಯವಾದ. ಹಾಗಾದರೆ ಪಂಚಾಂಗದಲ್ಲಿ ಗಾದೆಗಳು ಮಾತ್ರವೇ?

ಉತ್ತರ 3:
ಅಲ್ಲ. 1753ರ ಪಂಚಾಂಗದಲ್ಲಿ ಸಿಡಿಲಿನಿಂದ ಮನೆ ಕಾಯುವ ವಿಧಾನ ಅಳತೆ ಸಮೇತ ಇದೆ. ಮೊಳೆ ಮಾಡುವವರು ಬಳಸುವ ಸಣ್ಣ ಕಬ್ಬಿಣದ ಸರಳು. ಕೆಳತುದಿ ತೇವದ ನೆಲದೊಳಗೆ 3–4 ಅಡಿ, ಮೇಲ್ತುದಿ ಕಟ್ಟಡದ ನೆತ್ತಿಗಿಂತ 6–8 ಅಡಿ ಎತ್ತರ. ತುದಿಗೆ ಹೆಣಿಗೆ ಕಡ್ಡಿ ದಪ್ಪದ ಒಂದಡಿ ಹಿತ್ತಾಳೆ ತಂತಿ, ಚೂಪಾಗಿ ಮಸೆದದ್ದು. ಮನೆ ಉದ್ದವಿದ್ದರೆ ಎರಡೂ ತುದಿಗೆ ಒಂದೊಂದು ಸರಳು, ಮಾಡಿನ ನೆತ್ತಿಯ ಮೇಲೆ ಎರಡನ್ನೂ ಸೇರಿಸುವ ತಂತಿ.

'ತೇವದ ನೆಲ' ಅನ್ನೋದನ್ನ ಹಗುರವಾಗಿ ತಗೋಬೇಡಿ. ಸರಳಿನಲ್ಲಿ ಇಳಿದುಬಂದ ಸಿಡಿಲಿನ ವಿದ್ಯುತ್ ಒಣ ಮಣ್ಣಿನಲ್ಲಿ ಸುಲಭವಾಗಿ ಹರಡುವುದಿಲ್ಲ. ತಳ ಒಣಗಿದ್ದರೆ, ಅಥವಾ ನಡುವೆ ಎಲ್ಲಾದರೂ ಸರಳು ತುಂಡಾಗಿದ್ದರೆ, ಸಿಡಿಲು ಪಕ್ಕದ ಗೋಡೆಗೇ ಹಾರಬಹುದು.