ಸಹಾಯ ಬೇಕು: ಲಿನಕ್ಸ್ ಕರ್ನಲ್ ಎಪಿಐ ಪುಟಗಳ ತಪ್ಪು ತಿದ್ದಲು

ಹಾಸನದ ಆಸುಪಾಸಿನಲ್ಲಿ ಸಿ ಕೋಡ್ ಓದಬಲ್ಲ ಇಬ್ಬರು ಬೇಕಾಗಿದ್ದಾರೆ. ಲಿನಕ್ಸ್‌ನ ತಿರುಳಾದ ಕರ್ನಲ್‌ನ ಫಂಕ್ಷನ್‌ಗಳನ್ನು ಹೇಗೆ ಬಳಸಬೇಕೆಂದು ವಿವರಿಸುವ ಈ ಪುಟಗಳು ಸೋರ್ಸ್ ಫೈಲಿನ ಕಾಮೆಂಟುಗಳಿಂದಲೇ (ಕೋಡಿನೊಳಗಿನ ಟಿಪ್ಪಣಿಗಳಿಂದಲೇ) ತಯಾರಾಗುತ್ತವೆ. ಹಾಗಾಗಿ ಎಚ್‌ಟಿಎಂಎಲ್ ಮುಟ್ಟಬೇಡಿ, ಪುಟಗಳನ್ನು ಮತ್ತೆ ತಯಾರಿಸುವ ಮುಂದಿನ ಬಿಲ್ಡ್‌ನಲ್ಲಿ ತಿದ್ದಿದ್ದೆಲ್ಲ ಹೋಗುತ್ತದೆ. ಬಿಲ್ಡ್ ಮಾಡುವ make ಕಮಾಂಡಿಗೆ W=1 ಕೊಟ್ಟರೆ ಈ ಕಾಮೆಂಟುಗಳ ತಪ್ಪಿನ ಎಚ್ಚರಿಕೆಗಳು ಕಾಣುತ್ತವೆ. ಬಹಳಷ್ಟು ಕಡೆ ಫಂಕ್ಷನ್‌ನ ಪ್ಯಾರಾಮೀಟರ್ ಹೆಸರು ಬದಲಾಗಿರುತ್ತದೆ, ಕಾಮೆಂಟಿನಲ್ಲಿ ಪ್ಯಾರಾಮೀಟರ್ ಹೆಸರಿನ ಮುಂದೆ ಹಾಕುವ @ ಪಕ್ಕ ಹಳೆಯದೇ ಉಳಿದಿರುತ್ತದೆ. ಇದು ಸುಲಭ.

ಫಂಕ್ಷನ್ ಏನನ್ನು ಹಿಂದಿರುಗಿಸುತ್ತದೆ ಎಂದು ಹೇಳುವ ರಿಟರ್ನ್ ಭಾಗ ಸ್ವಲ್ಪ ಕಿರಿಕಿರಿ: ಎರರ್ ಕೋಡುಗಳನ್ನು ಬೇರೆಬೇರೆ ಸಾಲಿನಲ್ಲಿ ಬರೆದರೂ ಪುಟದಲ್ಲಿ ಒಂದೇ ಪ್ಯಾರಾ ಆಗಿ ಅಂಟಿಕೊಳ್ಳುತ್ತವೆ. ಪ್ರತಿ ಸಾಲಿನ ಮೊದಲಿಗಿರುವ ಕಾಮೆಂಟಿನ ನಕ್ಷತ್ರದ (*) ನಂತರ ಇನ್ನೊಂದು ನಕ್ಷತ್ರ ಹಾಕಿದರೆ ಪಟ್ಟಿಯಾಗುತ್ತದೆ.

ನಿಜವಾಗಿ ಸಹಾಯ ಬೇಕಿರುವುದು ಯಾವ ಎಚ್ಚರಿಕೆಯೂ ಹಿಡಿಯದ ತಪ್ಪುಗಳಿಗೆ. ಫಂಕ್ಷನ್ ಅನ್ನು ಲಾಕ್ ಹಿಡಿದೇ ಕರೆಯಬೇಕೇ, ಪಾಯಿಂಟರ್ ನಲ್ (NULL, ಯಾವುದನ್ನೂ ತೋರಿಸದ್ದು) ಇರಬಹುದೇ, ಮೆಮೊರಿ ಬಿಡುಗಡೆ ಮಾಡುವವರು ಯಾರು ಎಂಬುದನ್ನು ಕೋಡ್ ಓದಿಯೇ ಹೇಳಬೇಕು. ಊಹಿಸಿ ಬರೆದರೆ ಖಾಲಿ ಬಿಡುವುದಕ್ಕಿಂತ ಕೆಟ್ಟದು. ಆಸಕ್ತರು ಇಲ್ಲೇ ತಿಳಿಸಿ.