ಪಿಸಿಓಡಿಗೆ ಗಿಡಮೂಲಿಕೆ ಪುಡಿ: ಮಾತ್ರೆ ಬಿಟ್ಟು ತಗೊಳ್ಳಬಹುದಾ?

ಪ್ರಶ್ನೆ (ಗೋಣಿಕೊಪ್ಪ, 26 ವರ್ಷ): ಮೇಡಂ, ಪಿಸಿಓಡಿಗೆ (ಹಾರ್ಮೋನ್ ಏರುಪೇರಾಗಿ ಮುಟ್ಟು ತಪ್ಪುವ ತೊಂದರೆ) ಮೆಟ್‌ಫಾರ್ಮಿನ್ ಮಾತ್ರೆ ತಗೊಳ್ತಿದ್ದೇನೆ. ಆದರೂ ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ. ಪಕ್ಕದ ಮನೆ ಅಕ್ಕ ಒಂದು ಡಬ್ಬಿ ಪುಡಿ ತರಿಸಿಕೊಟ್ಟಿದ್ದಾರೆ. ಅಶೋಕ, ಶತಾವರಿ, ಮೆಂತ್ಯ, ದಾಲ್ಚಿನ್ನಿ ಎಲ್ಲ ಇದೆಯಂತೆ, ಎಷ್ಟೆಷ್ಟು ಅಂತ ಬರೆದಿಲ್ಲ. ಮಾತ್ರೆ ನಿಲ್ಲಿಸಿ ಇದನ್ನೇ ತಗೊಳ್ಳಲಾ? ಅಮ್ಮ ಮದ್ದು ಸೊಪ್ಪು ಒಣಗಿಸಿ ಇಟ್ಟಿದ್ದಾರೆ, ಅದರ ಕಷಾಯ ದಿನಾ ಕುಡಿ ಅಂತಾರೆ.

ಉತ್ತರ (ಸ್ತ್ರೀರೋಗ ತಜ್ಞೆ): ಮಾತ್ರೆ ನಿಲ್ಲಿಸಬೇಡಮ್ಮ. ಪುಡಿ ವಿಷಯ ಆಮೇಲೆ, ಮೊದಲು ಆ ನಾಲ್ಕು ತಿಂಗಳ ವಿಷಯ ನೋಡೋಣ. ಮೂರು ತಿಂಗಳು ದಾಟಿದರೆ ಕಾಯಬಾರದು. ಮುಟ್ಟಾಗದೆ ಇದ್ದಾಗ ಗರ್ಭಕೋಶದ ಒಳಪದರ ದಪ್ಪ ಆಗುತ್ತಾ ಹೋಗುತ್ತದೆ, ವರ್ಷಗಟ್ಟಲೆ ಹಾಗೇ ಬಿಟ್ಟರೆ ಕ್ಯಾನ್ಸರ್ ಅಪಾಯವೂ ಜಾಸ್ತಿ ಆಗುತ್ತದೆ. ಡಾಕ್ಟರ್ ಹತ್ರ ಹೋಗಿ. ಗರ್ಭಿಣಿ ಅಲ್ಲ ಅಂತ ಖಚಿತ ಮಾಡಿಕೊಂಡು, ಮುಟ್ಟು ಬರಿಸೋಕೆ ಕೆಲವು ದಿನ ಪ್ರೊಜೆಸ್ಟರಾನ್ ಮಾತ್ರೆ ಕೊಡುತ್ತಾರೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲಿಗೆ ಸಂಬಂಧಿಸಿದ ಹಾರ್ಮೋನ್) ಪರೀಕ್ಷೆ ಆಗಿಲ್ಲದಿದ್ದರೆ ಅದನ್ನೂ ಮಾಡಿಸಿ.

ಇನ್ನು ಪುಡಿ. ಸಾರಿಗೆ ಹಾಕೋ ಮೆಂತ್ಯ, ಪಲಾವಿನ ದಾಲ್ಚಿನ್ನಿ ಬಗ್ಗೆ ಭಯ ಬೇಡ. ದಿನಾ ಚಮಚಗಟ್ಟಲೆ ತಿನ್ನುವುದು ಬೇರೆ. ಅಂಗಡಿಯಲ್ಲಿ ಸಿಗೋ ದಾಲ್ಚಿನ್ನಿಯಲ್ಲಿ ಹೆಚ್ಚಿನದು ಕ್ಯಾಸಿಯಾ, ಅದರಲ್ಲಿರೋ ಕೂಮರಿನ್ ಜಾಸ್ತಿಯಾದರೆ ಲಿವರ್‌ಗೆ ಪೆಟ್ಟು. ಇವುಗಳ ಮೇಲೆ ನಡೆದಿರೋದು ಹೆಚ್ಚಾಗಿ ಚಿಕ್ಕ ಅಧ್ಯಯನಗಳು, ಮಾತ್ರೆ ಬಿಡಿಸುವಷ್ಟು ಬಲ ಅವಕ್ಕಿಲ್ಲ. ಅಳತೆಯೇ ಬರೆಯದ ಡಬ್ಬಿಯನ್ನಂತೂ ನಾನು ಯಾರಿಗೂ ಹೇಳಲ್ಲ.

ಮದ್ದು ಸೊಪ್ಪು ನಾವು ಕಕ್ಕಡ ಹದಿನೆಂಟಕ್ಕೆ (ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ) ಪಾಯಸ ಮಾಡಿ ತಿನ್ನುವಂಥದ್ದು. ಆ ದಿನ ಖುಷಿಯಾಗಿ ತಿನ್ನಿ. ಬೆಲ್ಲ ಇರುತ್ತೆ, ಒಂದು ಬಟ್ಟಲು ಸಾಕು. ಮಾರನೇ ದಿನ ಮೂತ್ರ ಕೆಂಪಗೆ ಹೋಗುವುದು ಸೊಪ್ಪಿನ ಬಣ್ಣದಿಂದ. ಅದನ್ನು ನೋಡಿ ಮುಟ್ಟು ಶುರುವಾಯ್ತು ಅಂದುಕೊಂಡವರು ಇದ್ದಾರೆ, ಅದಕ್ಕೇ ಹೇಳಿದೆ. ದಿನಾ ಕಷಾಯ ಬೇಡ.

ಪ್ರಶ್ನೆ (ಸೋಮವಾರಪೇಟೆ): ಮೇಡಂ, ನಾವು ಮಗುಗೆ ಪ್ರಯತ್ನ ಮಾಡ್ತಿದ್ದೇವೆ. ಬರ್ಬರಿನ್ (ಗಿಡದಿಂದ ತೆಗೆದ ಸಾರ) ಕ್ಯಾಪ್ಸೂಲ್, ಅಶ್ವಗಂಧ ಎರಡೂ ತಗೊಳ್ತಿದ್ದೇನೆ. ಥೈರಾಯ್ಡ್ ಮಾತ್ರೆಯೂ ಇದೆ.

ಉತ್ತರ: ಎರಡನ್ನೂ ಇವತ್ತೇ ನಿಲ್ಲಿಸಿ. ಬರ್ಬರಿನ್ ಗರ್ಭಿಣಿಯರಿಗೆ ಆಗಲ್ಲ, ನಿಮಗೆ ಗೊತ್ತಾಗುವ ಮೊದಲೇ ಗರ್ಭ ನಿಂತಿರಬಹುದು ಅಲ್ವಾ? ಅಶ್ವಗಂಧ ಥೈರಾಯ್ಡ್ ಹಾರ್ಮೋನ್ ಏರಿಸಬಹುದು, ಆಗ ನಿಮ್ಮ ಮಾತ್ರೆಯ ಲೆಕ್ಕ ತಪ್ಪುತ್ತದೆ. ಪಿಸಿಓಡಿಯಲ್ಲಿ ಅಂಡ ಬಿಡುಗಡೆ ಮಾಡಿಸೋಕೆ ಮೊದಲ ಆಯ್ಕೆಯಾಗಿ ಕೊಡುವ ಔಷಧ ಲೆಟ್ರೊಜೋಲ್, ಅದರ ಬಗ್ಗೆ ನಿಮ್ಮ ಡಾಕ್ಟರನ್ನು ಕೇಳಿ. ಹೋಗುವಾಗ ಡಬ್ಬಿಗಳನ್ನೂ ತಗೊಂಡು ಹೋಗಿ. ಬೈತಾರೆ ಅಂತ ಮುಚ್ಚಿಡಬೇಡಿ.

ಪ್ರಶ್ನೆ (ವಿರಾಜಪೇಟೆ): ಅಕ್ಕಿ ರೊಟ್ಟಿ, ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಪೂರ್ತಿ ಬಿಡಬೇಕಾ? ಪಿಸಿಓಡಿ ಇರೋ ಮಗಳು ದಪ್ಪ ಇದ್ದಾಳೆ, ಊಟವನ್ನೇ ಬಿಡ್ತಾಳೆ.

ಉತ್ತರ: ಊಟ ಬಿಡಿಸಬೇಡಿ. ನಾಲ್ಕು ಕಡಂಬುಟ್ಟು ತಿನ್ನೋಳಿಗೆ ಎರಡು ಹಾಕಿ, ಪಕ್ಕದಲ್ಲಿ ಪಲ್ಯ, ಮೊಟ್ಟೆ ಜಾಸ್ತಿ ಇರಲಿ. ಇರುವ ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಎಷ್ಟೋ ಹುಡುಗಿಯರಿಗೆ ಮುಟ್ಟು ಸರಿಹೋಗುತ್ತದೆ. ದಪ್ಪ ಅಂತ ಅವಳೆದುರು ಹೇಳಬೇಡಿ. ಸಂಜೆ ತೋಟದ ಕಡೆ ನೀವೂ ಜೊತೆಗೆ ನಡೆಯಿರಿ.