ಏಷ್ಯಾ ಶೈಲಿಯ ಭೋಜನಕ್ಕೆ ಯಾವ ಸ್ಪಾರ್ಕ್ಲಿಂಗ್ ವೈನ್?

ಪ್ರಶ್ನೆ:
ಸ್ನೇಹಿತರಿಗಾಗಿ ಏರ್ಪಡಿಸಿರುವ ಔತಣದಲ್ಲಿ ಮೊದಲು ಸುಶಿ ಮತ್ತು ಸೀಗಡಿ ಟೆಂಪುರಾ (ಹಿಟ್ಟಿನಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು), ಬಳಿಕ ಥಾಯ್ ಹಸಿರು ಕರಿ, ಅನಂತರ ಪೀಕಿಂಗ್ ಶೈಲಿಯ ಬಾತುಕೋಳಿ, ಕೊನೆಗೆ ತೆಂಗಿನ ಹಾಲಿನ ಅಂಟು ಅಕ್ಕಿಯ ಅನ್ನದೊಂದಿಗೆ ಮಾವಿನಹಣ್ಣು ಬಡಿಸಲಿದ್ದೇನೆ. ಎಲ್ಲದಕ್ಕೂ ಒಂದೇ ಬಗೆಯ ಸ್ಪಾರ್ಕ್ಲಿಂಗ್ (ಗುಳ್ಳೆಯೇಳುವ) ವೈನ್ ಸಾಕೇ? ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1:
ಸಾಲದು. ಟೆಂಪುರಾಗೆ ಬ್ರೂಟ್, ಅಂದರೆ ಸಿಹಿ ತೀರಾ ಕಡಿಮೆಯಿರುವ ಸ್ಪಾರ್ಕ್ಲಿಂಗ್ ವೈನ್, ಬಹಳ ಚೆನ್ನಾಗಿ ಹೊಂದುತ್ತದೆ. ಅದರ ಹುಳಿ ಮತ್ತು ಗುಳ್ಳೆಗಳು ಎಣ್ಣೆಯ ಜಿಡ್ಡನ್ನು ನಾಲಿಗೆಯಿಂದ ತೊಳೆದು, ಮುಂದಿನ ತುತ್ತಿಗೆ ಬಾಯನ್ನು ಹಗುರಗೊಳಿಸುತ್ತವೆ. ಶಾರ್ಡೊನೆ ಎಂಬ ಬಿಳಿ ದ್ರಾಕ್ಷಿಯಿಂದಲೇ ತಯಾರಿಸಿದ ಬ್ಲಾಂ ದ ಬ್ಲಾಂ ಶಾಂಪೇನ್ ಸುಶಿಗೂ ಒಪ್ಪುತ್ತದೆ. ಅದು ದುಬಾರಿಯೆನಿಸಿದರೆ, ಬಾಟಲಿಯೊಳಗೇ ಎರಡನೆಯ ಬಾರಿ ಹುದುಗಿಸುವ ಅದೇ ಸಾಂಪ್ರದಾಯಿಕ ವಿಧಾನದ, ಮಹಾರಾಷ್ಟ್ರದ ನಾಸಿಕದ ಬ್ರೂಟ್ ವೈನ್‌ಗಳನ್ನು ನಿಸ್ಸಂಕೋಚವಾಗಿ ಆರಿಸಿಕೊಳ್ಳಿ.

ಉತ್ತರ 2:
ಹಸಿರು ಕರಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಮದ್ಯಸಾರವು ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುವುದರಿಂದ, ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆಯಿರುವ ಬ್ರೂಟ್ ಇಲ್ಲಿ ತೀರಾ ಒರಟೆನಿಸುತ್ತದೆ; 32ರಿಂದ 50 ಗ್ರಾಂ ಸಕ್ಕರೆಯ ‘ಡೆಮಿ ಸೆಕ್’ ಎಂಬ ಸಿಹಿ ಬಗೆ ಆ ಖಾರವನ್ನು ಶಮನಗೊಳಿಸುತ್ತದೆ. ಲೇಬಲ್ ಓದುವಾಗ ಗಮನಿಸಿ: ‘ಎಕ್ಸ್‌ಟ್ರಾ ಡ್ರೈ’ ಎಂದಿದ್ದರೂ ಅದು ಬ್ರೂಟ್‌ಗಿಂತ ಸಿಹಿಯೇ. ಬಾತುಕೋಳಿಯ ಗರಿಗರಿ ಚರ್ಮಕ್ಕೂ ಸಿಹಿ ಸಾಸಿಗೂ ಪಿನೋ ನುವಾರ್ ಎಂಬ ಕಪ್ಪು ದ್ರಾಕ್ಷಿ ಹೆಚ್ಚಿರುವ ರೋಸೆ (ಗುಲಾಬಿ ಬಣ್ಣದ ಸ್ಪಾರ್ಕ್ಲಿಂಗ್ ವೈನ್) ನನ್ನ ಆಯ್ಕೆ.

ಉತ್ತರ 3:
ಮಾವಿಗೆ ಇಟಲಿಯ ಮೊಸ್ಕಾಟೊ ದಾಸ್ತಿ ಎಂಬ, ಹದವಾಗಿ ಗುಳ್ಳೆಯೇಳುವ ಸಿಹಿ ವೈನ್ ಇರಲಿ. ವೈನಿನ ಸಿಹಿ ಖಾದ್ಯದ ಸಿಹಿಗಿಂತ ಕಡಿಮೆಯಾದರೆ ವೈನ್ ಬರೀ ಹುಳಿಯಾಗಿ ತೋರುತ್ತದೆ. ಇದರಲ್ಲಿ ಮದ್ಯಸಾರ ಸುಮಾರು ಶೇಕಡಾ 5 ಮಾತ್ರವಿರುವುದರಿಂದ, ಇಷ್ಟೆಲ್ಲ ಸವಿದ ಅತಿಥಿಗಳಿಗೂ ಭಾರವಾಗದು.